ಕೆಮ್ಮಣ್ಣುಗುಂಡಿಯಲ್ಲಿ ಐದು ದಿನಗಳು

ಬೇಸಗೆಯ ರಜೆ ಬಂದಿತೆಂದರೆ ಗೃಹಸ್ಥರ ಮನೆಗಳಲ್ಲಿ ಎರಡು ಬಗೆಯ ತಾಪಗಳು ಏಕಕಾಲದಲ್ಲಿ ಏರತೊಡಗುವುವು. ಒಂದು ಸೂರ್ಯನದು, ಇನ್ನೊಂದು ಶಾಲೆಯ ಬಂಧನದಿಂದ ಬಿಡುಗಡೆ ಹೊಂದಿ ಹಗಲೆಲ್ಲ ಮನೆಯೊಳಗೇ ಸುಳಿದಾಡುವ ಮಕ್ಕಳದು. ಮೊದಲನೆಯದಕ್ಕೆ ಬೀಸಣಿಗೆಯುಂಟು, ಮಜ್ಜಿಗೆಯುಂಟು. ಎರಡನೆಯದಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಔಷಧವೆಂದರೆ ಅಜ್ಜಿಯ ಮನೆ. ಆದರೆ ನಮ್ಮ ಮೊಮ್ಮಕ್ಕಳಿಬ್ಬರಿಗೆ ಅಜ್ಜಿಯ ಮನೆಯೆಂಬುದು ಮೈಸೂರಿನ ನಮ್ಮ ಮನೆಯೇ ಆದುದರಿಂದ, ಆ ಔಷಧವನ್ನು ಒದಗಿಸುವ ಹೊಣೆಯೂ ನಮ್ಮದೇ ಆಯಿತು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಿಂದ ಬಂದಿಳಿದ ಅವರಿಗೆ ಹದಿನೈದು ದಿನಗಳೊಳಗಾಗಿ ಹಿತ್ತಲಿನ ಬಾವಿಕಟ್ಟೆ, ಮಾವಿನ ಮರ, ನೆರೆಮನೆಯ ಬೆಕ್ಕು, ಇವೆಲ್ಲವೂ ಮುಗಿದುಹೋದುವು. ಹದಿನಾರನೆಯ ದಿನ ಬೆಳಗ್ಗೆ ಐದು ವರ್ಷದ ಪುಟ್ಟಿಯು ನಮ್ಮ ಮುಂದೆ ನಿಂತು, “ಇನ್ನೇನಿದೆ ತಾತ?” ಎಂದು ಕೇಳಿದಳು.

ಅವಳ ಅಣ್ಣನಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವನನ್ನು ದೊಡ್ಡವನೆಂದೇ ಕರೆಯುವುದು ವಾಡಿಕೆ. “ಬೆಟ್ಟಕ್ಕೆ ಹೋಗೋಣ” ಎಂದು ಅವನು ಉತ್ತರ ಕೊಟ್ಟನು. ಮೈಸೂರಿನಲ್ಲಿರುವವರಿಗೆ ಬೆಟ್ಟವೆಂದರೆ ಚಾಮುಂಡಿಯ ಬೆಟ್ಟವೇ. ಅದನ್ನು ಅವರು ಆಗಲೇ ಎರಡು ಸಲ ಹತ್ತಿ ಇಳಿದಾಗಿತ್ತು. ಕಡೆಗೆ ಮಗ ಸೊಸೆಯರೂ ನಮ್ಮ ಗೃಹಿಣಿಯೂ ಸೇರಿ ಒಂದು ರಾತ್ರಿಯೆಲ್ಲ ಆಲೋಚಿಸಿ, ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿಗೆ ಸೇರಿದ ಕೆಮ್ಮಣ್ಣುಗುಂಡಿಗೆ ಹೋಗುವುದೆಂದು ನಿಶ್ಚಯಿಸಿದರು. ತೋಟಗಾರಿಕೆಯ ಇಲಾಖೆಯವರ ಅತಿಥಿಗೃಹದಲ್ಲಿ ಐದು ದಿನಗಳ ಮಟ್ಟಿಗೆ ಎರಡು ಕೊಠಡಿಗಳೂ ದೊರೆತುವು.

ಮೂವತ್ತೈದು ವರ್ಷಗಳ ಕಾಲ ಪಾಠ ಹೇಳಿದವರಿಗೆ ನಿವೃತ್ತಿಯೆಂಬುದು ವೇತನಕ್ಕೆ ಸಂಬಂಧಪಟ್ಟ ವಿಷಯವೇ ಹೊರತು ಸ್ವಭಾವಕ್ಕೆ ಸಂಬಂಧಪಟ್ಟುದಲ್ಲ. ನಾವು ಕೂಡಲೇ ಒಂದು ನೋಟುಪುಸ್ತಕವನ್ನು ತೆರೆದು, ಯಾವ ದಿನ ಯಾವ ಪಾಠವೆಂಬುದನ್ನು ಬರೆಯತೊಡಗಿದೆವು: ಮೊದಲನೆಯ ದಿನ ಪರ್ವತಗಳ ಉತ್ಪತ್ತಿ, ಎರಡನೆಯ ದಿನ ಲೋಹಗಳು, ಮೂರನೆಯ ದಿನ ಮೋಡ, ಮಿಂಚು, ಮಳೆ, ನಾಲ್ಕನೆಯ ದಿನ ಸಸ್ಯಗಳು. ಅದೇ ಹೊತ್ತಿನಲ್ಲಿ ನಮ್ಮ ಗೃಹಿಣಿಯು ನಡುಮನೆಯಲ್ಲಿ ಕುಳಿತು ಒಂದು ಚೀಲವನ್ನು ತುಂಬುತ್ತಿದ್ದಳು. ಅದರಲ್ಲಿ ನಿಂಬೆಹಣ್ಣು, ಒಣಶುಂಠಿ, ಮೆಣಸು, ಉಪ್ಪಿನ ಪೊಟ್ಟಣ, ಹಳೆಯ ಪಂಚೆಯ ತುಂಡುಗಳು, ಪ್ರತಿಯೊಬ್ಬರಿಗೂ ಒಂದೊಂದು ಉಣ್ಣೆಯ ಅಂಗಿ, ಎರಡು ಕೊಡೆ, ಒಂದು ಡಬ್ಬಿ ಕೋಡುಬಳೆ. “ಇದೇನು ದಂಡಯಾತ್ರೆಯೆ?” ಎಂದು ನಾವು ಹಾಸ್ಯ ಮಾಡಿದೆವು. ಹಿಂದಿರುಗಿದ ಮೇಲೆ ಲೆಕ್ಕ ಹಾಕಿ ನೋಡಿದರೆ, ಆ ಚೀಲದ ಒಂದು ವಸ್ತುವೂ ವ್ಯರ್ಥವಾಗಿರಲಿಲ್ಲ. ನಮ್ಮ ನೋಟುಪುಸ್ತಕದ ವಿಷಯವನ್ನು ಮುಂದೆ ಹೇಳುವೆವು.

ಮೈಸೂರಿನಿಂದ ಅರಸೀಕೆರೆ, ಬೀರೂರುಗಳ ಮಾರ್ಗವಾಗಿ ರೈಲಿನಲ್ಲಿ ತರೀಕೆರೆಗೆ ಬಂದು, ಅಲ್ಲಿಂದ ಒಂದು ಬಾಡಿಗೆಯ ಮೋಟಾರನ್ನು ಗೊತ್ತುಮಾಡಿಕೊಂಡು ಹೊರಟೆವು. ಲಿಂಗದಹಳ್ಳಿಯನ್ನು ದಾಟುವವರೆಗೂ ದಾರಿಯು ಬಯಲುಸೀಮೆಯ ದಾರಿಯಂತೆಯೇ ಇರುವುದು: ಅಡಕೆಯ ತೋಟ, ತೆಂಗು, ಹೊಲ. ಆಮೇಲೆ ಎದುರಿಗೆ ಒಂದು ನೀಲಿಯ ಗೋಡೆ ಎದ್ದು ನಿಲ್ಲುವುದು. ಮೋಟಾರು ಅದರ ಬುಡವನ್ನು ಮುಟ್ಟಿ ಸುತ್ತತೊಡಗಿದೊಡನೆಯೇ ಪುಟ್ಟಿಯ ಮುಖ ಬಾಡಿತು. ನಾವು ಆ ಹೊತ್ತಿಗೆ ಸರಿಯಾಗಿ ಪರ್ವತಗಳ ಉತ್ಪತ್ತಿಯನ್ನು ಆರಂಭಿಸಿದ್ದೆವು. ನಾಲ್ಕನೆಯ ತಿರುವಿನಲ್ಲಿ ಆ ಮಗು ತಾನು ಬೆಳಗ್ಗೆ ತಿಂದಿದ್ದ ಇಡ್ಲಿಯನ್ನೆಲ್ಲ ನಮ್ಮ ಮಡಿಲಿನಲ್ಲಿಯೇ ಒಪ್ಪಿಸಿಬಿಟ್ಟಿತು.

ಇಂತಹ ಸಮಯದಲ್ಲಿ ಗಂಡಸರ ವಿದ್ಯೆ ಯಾವುದೂ ನಿಲ್ಲದು. ನಮ್ಮ ಗೃಹಿಣಿಯು ಮೋಟಾರನ್ನು ನಿಲ್ಲಿಸಿ, ಪಂಚೆಯ ತುಂಡಿನಿಂದ ಒರೆಸಿ, ನಿಂಬೆಹಣ್ಣನ್ನು ಕೊಯ್ದು ಮೂಸಲು ಕೊಟ್ಟು, ಮಗುವನ್ನು ಅದರ ತಾಯಿಯೊಡನೆ ಮುಂದಿನ ಆಸನಕ್ಕೆ ವರ್ಗಮಾಡಿದಳು. ಪಕ್ಕಕ್ಕೆ ಓಡುವ ಮರಗಳನ್ನು ನೋಡದೆ ನೇರವಾಗಿ ಮುಂದಿನ ದಾರಿಯನ್ನೇ ನೋಡುತ್ತಿದ್ದರೆ ತಲೆ ತಿರುಗುವುದು ಕಡಮೆಯಾಗುವುದೆಂದು ಹೇಳಿಕೊಟ್ಟಳು. ಕಣ್ಣು ಕಾಣುವ ಚಲನೆಗೂ ಕಿವಿಯೊಳಗಿನ ಸಮತೋಲದ ಅಂಗವು ಅರಿಯುವ ಚಲನೆಗೂ ಹೊಂದಾಣಿಕೆ ತಪ್ಪಿದಾಗ ಹೀಗೆ ಓಕರಿಕೆ ಬರುವುದೆಂದು ವೈದ್ಯಶಾಸ್ತ್ರವು ಹೇಳುವುದು. ಆಕೆಗೆ ಶಾಸ್ತ್ರ ತಿಳಿಯದು, ಉಪಾಯ ತಿಳಿದಿತ್ತು. ಉಳಿದ ದಾರಿಯಲ್ಲಿ ಯಾರಿಗೂ ತೊಂದರೆಯಾಗಲಿಲ್ಲ.

ನಡುದಾರಿಯಲ್ಲಿ ಕಲ್ಲತ್ತಿಗಿರಿಯೆಂಬ ಸ್ಥಳದಲ್ಲಿ ಇಳಿದೆವು. ಅಲ್ಲಿ ಬಂಡೆಗಳ ಮೇಲಿನಿಂದ ನೀರು ಹಂತಹಂತವಾಗಿ ಇಳಿದು ವೀರಭದ್ರಸ್ವಾಮಿಯ ಗುಡಿಯ ಬಳಿಗೇ ಬರುವುದು. ಮೇ ತಿಂಗಳಾದುದರಿಂದ ಧಾರೆ ಸಣ್ಣದಾಗಿತ್ತು. ಆದರೂ ಅದರ ತಣ್ಪಿಗೆ ಕೊರತೆಯಿರಲಿಲ್ಲ. ಪುಟ್ಟಿಯು ಆ ನೀರಿನಲ್ಲಿ ಪಾದಗಳನ್ನಿಟ್ಟು ಎರಡು ನಿಮಿಷ ನಿಂತಳು. ಬಾಡಿದ ಮುಖ ಅರಳಿತು. ಅಲ್ಲಿಯ ಪೂಜೆಯನ್ನು ಮುಗಿಸಿಕೊಂಡು ಸಂಜೆಯ ಹೊತ್ತಿಗೆ ಗಿರಿಧಾಮವನ್ನು ಸೇರಿದೆವು.

ಕೆಮ್ಮಣ್ಣುಗುಂಡಿಯು ಸಮುದ್ರಮಟ್ಟದಿಂದ ಸುಮಾರು ೧೪೩೪ ಮೀಟರುಗಳ ಎತ್ತರದಲ್ಲಿರುವುದು. ಸಾವಿರ ಮೀಟರು ಮೇಲೇರಿದರೆ ಗಾಳಿಯ ಉಷ್ಣತೆ ಸಾಧಾರಣವಾಗಿ ಆರೂವರೆ ಡಿಗ್ರಿಯಷ್ಟು ಇಳಿಯುವುದೆಂಬ ನಿಯಮವನ್ನು ನಾವು ಎಷ್ಟೋ ವರ್ಷ ಹಲಗೆಯ ಮೇಲೆ ಬರೆದಿದ್ದೆವು. ಮೈಗೆ ತಾಗಿದ್ದು ಆ ಸಂಜೆಯೇ. ಮಕ್ಕಳ ಹಲ್ಲುಗಳು ಕಟಕಟನೆ ಸದ್ದು ಮಾಡತೊಡಗಿದುವು. ಉಣ್ಣೆಯ ಅಂಗಿಗಳು ಚೀಲದಿಂದ ಹೊರಬಂದುವು. ನಾವು ಹಾಸ್ಯದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು.

ಈ ಸ್ಥಳವು ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ಬೇಸಗೆಯ ತಂಗುದಾಣವಾಗಿದ್ದಿತು. ಆದಕಾರಣ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಉಂಟು. ಆದರೆ ಜನರ ಬಾಯಲ್ಲಿ ನಿಂತಿರುವುದು ಮಣ್ಣಿನ ಹೆಸರೇ. ಕೆಂಪಾದ ಮಣ್ಣು ಕೆಮ್ಮಣ್ಣು; ಅದನ್ನು ಅಗೆದ ಗುಂಡಿ ಕೆಮ್ಮಣ್ಣುಗುಂಡಿ. ಈ ಕೆಂಪಿಗೆ ಕಾರಣ ಕಬ್ಬಿಣ. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ಬಹುಕಾಲ ಅದರ ಕುಲುಮೆಗೆ ಅದಿರು ಹೋಗುತ್ತಿದ್ದುದು ಈ ಬೆಟ್ಟದಿಂದಲೇ. ಮೇಲಿನಿಂದ ತಣಿಗೆಬೈಲಿನವರೆಗೆ ಹಗ್ಗದ ದಾರಿಯಲ್ಲಿ ತೊಟ್ಟಿಲುಗಳು ತೂಗುತ್ತ ಇಳಿಯುತ್ತಿದ್ದುವು. ಅಲ್ಲಿಂದ ಮುಂದಕ್ಕೆ ಕಿರಿಯ ರೈಲುದಾರಿ. ಆ ಗಣಿಯ ಕೆಲಸವು ಈಗ ನಿಂತುಹೋಗಿದೆ. ಕೆಂಪು ಮಾತ್ರ ಹಾಗೆಯೇ ಇದೆ.

ಎರಡನೆಯ ದಿನ ಲೋಹಗಳ ಪಾಠವಷ್ಟೆ. ನಾವು ಒಂದು ಹಿಡಿ ಮಣ್ಣನ್ನು ಕೈಯಲ್ಲಿ ಹಿಡಿದು, “ಮಕ್ಕಳೆ, ತುಕ್ಕು ಹಿಡಿದ ಮೊಳೆಯ ಬಣ್ಣವೂ ಈ ಮಣ್ಣಿನ ಬಣ್ಣವೂ ಒಂದೇ ಏಕೆ, ಬಲ್ಲಿರಾ?” ಎಂದು ಆರಂಭಿಸಿದೆವು. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ, ಅತಿಥಿಗೃಹದ ಹಿಂಬದಿಯ ದಿಬ್ಬದ ಮೇಲಿನಿಂದ ಇಬ್ಬರೂ ಕುಳಿತುಕೊಂಡು ಜಾರುತ್ತಿದ್ದರು. ಪುಟ್ಟಿಯ ಬಿಳಿಯ ಲಂಗವು ಹಿಂದುಗಡೆ ಕಾವಿಯ ಬಣ್ಣಕ್ಕೆ ತಿರುಗಿತ್ತು. ಗದರಿಸಬೇಕೆಂದು ಹೊರಟೆವು, ಅಷ್ಟರಲ್ಲಿ ದೊಡ್ಡವನು ಓಡಿಬಂದು, “ತಾತ, ಈ ಮಣ್ಣು ಮುಷ್ಟಿಯಲ್ಲಿ ತೂಕವಾಗಿದೆ. ನಮ್ಮ ಮನೆಯ ಮಣ್ಣಿಗಿಂತ ಭಾರ. ಕಬ್ಬಿಣ ಇದೆಯೋ?” ಎಂದನು. ನಾವು ಮೊಳೆಯಿಂದ ಮಣ್ಣಿಗೆ ಬರಬೇಕೆಂದಿದ್ದೆವು. ಅವನು ಮಣ್ಣಿನಲ್ಲಿ ಹೊರಳಿ ಕಬ್ಬಿಣವನ್ನು ಕಂಡುಕೊಂಡಿದ್ದನು. ನೋಟುಪುಸ್ತಕವನ್ನು ಮುಚ್ಚಿ ಜೇಬಿನಲ್ಲಿಟ್ಟುಕೊಂಡೆವು. ಅಷ್ಟಕ್ಕೇ ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ದರೆ ಮುಂದಿನ ಅನರ್ಥ ತಪ್ಪುತ್ತಿತ್ತು.

ಆ ದಿನ ಸಂಜೆ ತೋಟದ ಅಂಚಿನಲ್ಲಿ ಕುಳಿತು ಸುತ್ತಣ ಶ್ರೇಣಿಯನ್ನು ನೋಡಿದೆವು. ಹೆಸರಾಂತ ಬಾಬಾಬುಡನ್‌ಗಿರಿಯೂ, ೧೯೩೦ ಮೀಟರುಗಳಷ್ಟು ಎತ್ತರವಾಗಿ ಕರ್ನಾಟಕದ ಶಿಖರಗಳಿಗೆಲ್ಲ ಹಿರಿದಾದ ಮುಳ್ಳಯ್ಯನಗಿರಿಯೂ ಇದೇ ಶ್ರೇಣಿಗೆ ಸೇರಿದುವು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮನ್ ದೇಶದ ಮೋಕಾ ಪಟ್ಟಣದಿಂದ ಏಳು ಕಾಫಿಯ ಬೀಜಗಳನ್ನು ತಂದು ಈ ಬೆಟ್ಟಗಳಲ್ಲಿ ನೆಟ್ಟರೆಂಬ ಪ್ರತೀತಿಯಿದೆ. ನಿತ್ಯ ಬೆಳಗ್ಗೆ ಲೋಟ ಹಿಡಿಯುವವರೆಲ್ಲರೂ ಆ ಏಳು ಬೀಜಗಳಿಗೆ ಋಣಿಗಳು. ಈ ಸಾಲಿನ ಹಳೆಯ ಹೆಸರು ಚಂದ್ರದ್ರೋಣ ಪರ್ವತ. ಬೆಟ್ಟಗಳು ಅರ್ಧಚಂದ್ರನಂತೆ ಬಾಗಿ ನಡುವೆ ಜಾಗರದ ಕಣಿವೆಯನ್ನು ಸುತ್ತುವರಿದಿವೆ. ದ್ರೋಣವೆಂದರೆ ಮರಿಗೆ ಅಥವಾ ಬಟ್ಟಲು. ಮಹಾರಾಷ್ಟ್ರದವರು ಎಲೆಯ ದೊನ್ನೆಯನ್ನು ಇಂದಿಗೂ ದ್ರೋಣವೆಂದೇ ಕರೆಯುವರು. ಇದನ್ನು ಹೇಳಿದಾಗ ಪುಟ್ಟಿಯು ಮೊದಲ ಬಾರಿಗೆ ನಮ್ಮ ಪಾಠಕ್ಕೆ ಕಿವಿಗೊಟ್ಟಳು. “ಹಾಗಾದರೆ ಇದು ಚಂದ್ರನ ದೊನ್ನೆಯೇ? ಅದರೊಳಗೆ ಏನಿದೆ?” ಎಂದಳು. “ಈಗ ಖಾಲಿ” ಎಂದೆವು. ಅವಳಿಗೆ ಸಮಾಧಾನವಾಗಲಿಲ್ಲ.

ಅನಂತರ ಪಡುವಣ ದಿಕ್ಕಿನಲ್ಲಿ ದೂರದ ಮಿಂಚು ಕಾಣಿಸಿತು. ನಾವು ದೊಡ್ಡವನಿಗೆ ಮಿಂಚಿನ ಲೆಕ್ಕವನ್ನು ಕಲಿಸಿದೆವು. ಬೆಳಕು ತತ್‌ಕ್ಷಣವೇ ಬರುವುದು. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಮಾತ್ರ ನಡೆಯುವುದು. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರು ದೂರವೆಂಬುದು ತಿಳಿಯುವುದು. ಅವನಿಗೆ ಈ ಆಟ ಬಹಳ ಹಿಡಿಸಿತು. ಮಲಗುವವರೆಗೂ ಎಣಿಸುತ್ತಲೇ ಇದ್ದನು.

ಮೂರನೆಯ ದಿನ ಬೆಳಗ್ಗೆ ಮಗನೂ ಸೊಸೆಯೂ ಹೆಬ್ಬೆಯ ಜಲಪಾತಕ್ಕೆ ಹೊರಟರು. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆಯೆಂದು ಎರಡು ನೆಗೆತಗಳಲ್ಲಿ ೧೬೮ ಮೀಟರು ಧುಮುಕುವ ಆ ನೀರನ್ನು ನೋಡಲು ಅರಣ್ಯದೊಳಗೆ ಜೀಪಿನಲ್ಲಿ ಕುಲುಕಾಡಿ, ಆಮೇಲೆ ನಡೆದು, ಹಳ್ಳವನ್ನು ದಾಟಬೇಕು; ಜಿಗಣೆಯ ಕಾಟವೂ ಉಂಟು. ಚಿಕ್ಕ ಮಕ್ಕಳಿಗೆ ತಕ್ಕುದಲ್ಲವೆಂದು ಮಕ್ಕಳನ್ನು ನಮ್ಮ ವಶಕ್ಕೆ ಬಿಟ್ಟು ಹೋದರು. ಉಪ್ಪಿನ ಪೊಟ್ಟಣವನ್ನು ನಮ್ಮ ಗೃಹಿಣಿಯು ಸೊಸೆಯ ಕೈಗೆ ಕೊಟ್ಟಳು.

ಊಟವಾದ ಮೇಲೆ ನಮಗೆ ಒಂದು ಹಂಬಲ ಹುಟ್ಟಿತು. ಗಿರಿಧಾಮದಿಂದ ಮುಕ್ಕಾಲು ಗಂಟೆಯ ಏರುದಾರಿಯಲ್ಲಿ ಜೆಡ್ ಪಾಯಿಂಟ್ ಎಂಬ ತುದಿಯಿದೆ. ಅಲ್ಲಿ ನಿಂತರೆ ಶೋಲಾಕಾಡುಗಳು ಬೆಟ್ಟದ ಮಡಿಕೆಗಳಲ್ಲಿ ಹೇಗೆ ಅಡಗಿವೆ, ಮೇಲಿನ ಬೆನ್ನೆಲ್ಲ ಹೇಗೆ ಬರಿಯ ಹುಲ್ಲಾಗಿದೆ ಎಂಬುದೆಲ್ಲ ಕಾಣುವುದು. ಮಕ್ಕಳಿಗೆ ಇದನ್ನು ತೋರಿಸಲೇಬೇಕೆಂದು ತೋರಿತು. “ಬೆಳಗ್ಗೆ ಹೋದರಾಗದೆ? ಮಧ್ಯಾಹ್ನ ಮೇಲೆ ಮೋಡ ಕಟ್ಟುತ್ತದೆ ಅಂತ ಅಡಿಗೆಯವನು ಹೇಳುತ್ತಿದ್ದ” ಎಂದಳು ನಮ್ಮ ಗೃಹಿಣಿ. ಆಕೆಗೆ ಮೊಣಕಾಲು ನೋವು, ಬರಲಾರಳು. ನಾವು ಆಕಾಶವನ್ನು ನೋಡಿದೆವು. ಎಲ್ಲಿಯೂ ಒಂದು ಚೂರು ಮೋಡವಿರಲಿಲ್ಲ. “ನಾಲ್ಕೂವರೆಗೆ ಕಾಫಿಯ ಹೊತ್ತಿಗೆ ಬಂದುಬಿಡುವೆವು” ಎಂದು ಹೇಳಿ, ಎರಡೂವರೆಗೆ ಹೊರಟೆವು. ಕೊಡೆಯನ್ನು ಸಹ ತೆಗೆದುಕೊಳ್ಳಲಿಲ್ಲ.

ಶಾಂತಿ ಜಲಪಾತವೆಂದು ಕರೆಯುವ ಸಣ್ಣ ಧಾರೆಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಅಲ್ಲಿಂದಾಚೆಗೆ ದಾರಿಯು ಕಿರಿದಾಗಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಇಳಿಜಾರು. ಪುಟ್ಟಿಯ ಕಾಲಿಗೆ ನಮ್ಮ ಒಂದು ಹೆಜ್ಜೆ ಎರಡೂವರೆ ಹೆಜ್ಜೆ. ಮುಕ್ಕಾಲು ಗಂಟೆಯ ದಾರಿ ಅವಳಿಗೆ ಮುಕ್ಕಾಲು ಗಂಟೆಯದಲ್ಲವೆಂಬ ಸರಳವಾದ ತ್ರೈರಾಶಿಯು ಗಣಿತವನ್ನೂ ಹೇಳಿಕೊಟ್ಟಿದ್ದ ನಮಗೆ ಹೊಳೆಯಲಿಲ್ಲ. ಅವಳು ಒಂದು ಕಲ್ಲಿನ ಮೇಲೆ ಕುಳಿತು, “ತಾತ, ಸಾಕು” ಎಂದಳು. “ಅಗೋ, ಆ ತಿರುವಿನವರೆಗೆ ಮಾತ್ರ” ಎಂದೆವು. ತಿರುವಿನಲ್ಲಿ ಮತ್ತೆ, “ಸಾಕು ತಾತ” ಎಂದಳು. “ಇನ್ನೊಂದೇ ಏರು” ಎಂದೆವು. ಮೂರನೆಯ ಸಲ ಅವಳು ಹೇಳಲಿಲ್ಲ. ಸುಮ್ಮನೆ ನಮ್ಮ ಬೆರಳನ್ನು ಹಿಡಿದುಕೊಂಡು ನಡೆದಳು. ಅದನ್ನು ನಾವು ಉತ್ಸಾಹವೆಂದು ತಿಳಿದೆವು.

ಬೆಟ್ಟದ ಬೆನ್ನನ್ನು ಏರುವಷ್ಟರಲ್ಲಿ ಗಾಳಿ ನಿಂತುಹೋಗಿತ್ತು. ಪಡುವಣ ದಿಕ್ಕು ಕಪ್ಪಗಾಗಿ, ಹುಲ್ಲಿನ ಬಣ್ಣವೂ ಬೇರೆಯಾಗಿತ್ತು. ಮೊದಲನೆಯ ಮಿಂಚು ಹೊಳೆದಾಗ ದೊಡ್ಡವನು ಸಂತೋಷದಿಂದ ಎಣಿಸಿದನು. “ಇಪ್ಪತ್ತೊಂದು! ಏಳು ಕಿಲೋಮೀಟರು ದೂರ ತಾತ!” ಶಿಷ್ಯನ ಲೆಕ್ಕ ಸರಿಯಾಗಿದೆಯೆಂದು ನಾವು ಬೆನ್ನು ತಟ್ಟಿ, ದೂರವಿದೆಯೆಂದು ಮುಂದಕ್ಕೆ ನಡೆದೆವು. ಮೂವತ್ತರೊಳಗೆ ಗುಡುಗು ಕೇಳಿದರೆ ಆಶ್ರಯವನ್ನು ಸೇರಬೇಕೆಂಬ ನಿಯಮವನ್ನು ನಾವು ಓದಿದ್ದೆವು. ಓದಿದ್ದು ಆ ಹೊತ್ತಿಗೆ ಒದಗಲಿಲ್ಲ. ತುದಿಯು ಅಷ್ಟು ಸಮೀಪದಲ್ಲಿ ಕಾಣುತ್ತಿತ್ತು. ಎರಡನೆಯದಕ್ಕೆ ಅವನು ಎಣಿಸಿದ್ದು ಹನ್ನೆರಡು. ಮೂರನೆಯದಕ್ಕೆ ಐದು. ಆಗ ಅವನ ಧ್ವನಿಯಲ್ಲಿ ಸಂತೋಷವಿರಲಿಲ್ಲ.

ನಾವು ತಿರುಗಿದೆವು. ಅಷ್ಟರಲ್ಲಿ ಮೇಲಿನಿಂದ ಒಣಕಡ್ಡಿಯ ಹೊರೆಯನ್ನು ಹೊತ್ತು ಒಬ್ಬ ನಡುವಯಸ್ಸಿನ ಹೆಂಗಸು ಬೇಗಬೇಗನೆ ಇಳಿದು ಬರುತ್ತಿದ್ದವಳು ನಮ್ಮನ್ನು ಕಂಡು ಬೆಚ್ಚಿ ನಿಂತಳು. “ಇದೆಂತ ಸ್ವಾಮಿ, ಮಕ್ಕಳನ್ನ ಕಟ್ಟಿಕೊಂಡು ನೆತ್ತಿ ಮೇಲೆ ನಿಂತಿದೀರಿ? ಸಿಡಿಲಿನ ಹೊತ್ತು ಇದು. ಇಳೀರಿ, ಇಳೀರಿ!” ಎಂದು ಹೊರೆಯನ್ನು ಅಲ್ಲಿಯೇ ಬಿಸುಟು, ನಮ್ಮನ್ನು ಕೇಳದೆಯೇ ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. ನಾವು ದೊಡ್ಡವನ ಕೈಹಿಡಿದು ಹಿಂದೆ ಓಡಿದೆವು. ಮಳೆ ಬಿದ್ದಿತು; ಅದರೊಡನೆ ಆಲಿಕಲ್ಲು. ದಾರಿಯ ಬದಿಯಲ್ಲಿ ಒಂಟಿಯಾಗಿ ನಿಂತಿದ್ದ ಒಂದು ಮರದ ಕಡೆಗೆ ಹುಡುಗನು ಕೈ ಬಿಡಿಸಿಕೊಂಡು ನುಗ್ಗಿದನು. “ಮರದ ಬುಡಕ್ಕೆ ಬೇಡ ಮಗಾ!” ಎಂದು ಆಕೆ ಕೂಗಿದ ಕೂಗು ಗುಡುಗಿಗಿಂತ ಜೋರಾಗಿತ್ತು. ಬೆನ್ನಿನಿಂದ ಕೆಳಗಿಳಿದು ತಗ್ಗಾದ ಒಂದು ಸ್ಥಳದಲ್ಲಿ ನಮ್ಮನ್ನೆಲ್ಲ ಕುಕ್ಕರುಗಾಲಿನಲ್ಲಿ ಕೂರಿಸಿದಳು.

ಮುಂದಿನ ಮಿಂಚಿಗೆ ದೊಡ್ಡವನು ಅಭ್ಯಾಸಬಲದಿಂದ ಎಣಿಸಲು ಬಾಯಿ ತೆರೆದನು. ‘ಒಂದು’ ಎಂಬ ಮಾತು ಹೊರಡುವುದಕ್ಕೆ ಮುಂಚೆಯೇ ಬೆಟ್ಟ ಸಿಡಿಯಿತೋ ಎಂಬಂತಾಯಿತು. ನಾವು ಸ್ವಲ್ಪ ಹೊತ್ತಿನ ಮುಂಚೆ ನಿಂತಿದ್ದ ಬೆನ್ನಿನ ಕಡೆಯಿಂದಲೇ ಆ ಶಬ್ದ ಬಂದಿತ್ತು. ಪುಟ್ಟಿಯು ಅಳಲಿಲ್ಲ. ಆ ಅಪರಿಚಿತ ಹೆಂಗಸಿನ ಸೆರಗಿನೊಳಗೆ ಮುಖವನ್ನು ಹುದುಗಿಸಿಕೊಂಡಿದ್ದಳು. ನಮ್ಮ ಕಡೆಗೆ ನೋಡಲಿಲ್ಲ.

ಅರ್ಧ ಗಂಟೆಯಲ್ಲಿ ಮಳೆ ಮುಂದಕ್ಕೆ ಸಾಗಿತು. ಗುಡುಗು ಬಹುದೂರ ಹೋಗುವವರೆಗೂ ಆಕೆ ಏಳಗೊಡಲಿಲ್ಲ. ಜಾರುವ ಕೆಮ್ಮಣ್ಣಿನಲ್ಲಿ ಹೆಜ್ಜೆಹೆಜ್ಜೆಗೂ ನಿಲ್ಲುತ್ತ, ತೋಟದ ಬೇಲಿಯವರೆಗೆ ನಮ್ಮನ್ನು ತಲುಪಿಸಿ, ತನ್ನ ಹೊರೆ ಮೇಲೆಯೇ ಉಳಿಯಿತೆಂದು ಹೇಳಿ ಮತ್ತೆ ಆ ದಾರಿಯನ್ನೇ ಹಿಡಿದಳು. ಹೆಸರನ್ನಾದರೂ ಕೇಳಬೇಕಾಗಿತ್ತೆಂದು ನಮಗೆ ತೋಚಿದುದು ಆಕೆ ತಿರುವಿನಲ್ಲಿ ಮರೆಯಾದ ಮೇಲೆ.

ಬಾಗಿಲಿನಲ್ಲಿ ನಮ್ಮ ಗೃಹಿಣಿಯು ಎರಡು ಕೊಡೆಗಳನ್ನೂ ಹಿಡಿದು ನಿಂತಿದ್ದಳು. ಮಗ ಸೊಸೆಯರು ಆಗತಾನೆ ಹಿಂದಿರುಗಿದ್ದರು. ಯಾರೂ ನಮ್ಮನ್ನು ಬಯ್ಯಲಿಲ್ಲ. ಸೊಸೆಯು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಮಗನು, “ಅಪ್ಪಾ, ನಾವು ಬರುವವರೆಗೆ ಕಾಯಬಹುದಾಗಿತ್ತು” ಎಂದು ಮಾತ್ರ ಹೇಳಿದನು. ರಾತ್ರಿ ಎಂಟು ಗಂಟೆಗೆ ಪುಟ್ಟಿಯ ಮೈ ಕಾವೇರಿತು. ನೂರೊಂದು ಡಿಗ್ರಿ ಜ್ವರ. ಗಾಳಿಯ ಹೊಡೆತಕ್ಕೆ ವಿದ್ಯುತ್ತು ಹೋಗಿತ್ತು; ಕೈಯ ಫೋನುಗಳು ಮೂಕವಾಗಿದ್ದುವು; ಆ ಕತ್ತಲಲ್ಲಿ ಘಾಟಿಯನ್ನಿಳಿದು ವೈದ್ಯರನ್ನು ಕಾಣುವುದು ಸಾಧ್ಯವಿರಲಿಲ್ಲ. ಸೊಸೆಯು ತಂದಿದ್ದ ಜ್ವರದ ಔಷಧ, ಒದ್ದೆಯ ಬಟ್ಟೆ, ನಮ್ಮ ಗೃಹಿಣಿಯ ಶುಂಠಿಯ ಕಷಾಯ, ಒಂದು ಮೇಣದ ಬತ್ತಿ, ಇವಿಷ್ಟೇ ನಮ್ಮ ಬಲ. ಸೊಸೆಯು ರಾತ್ರಿಯೆಲ್ಲ ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ.

ನಾವು ಜಗಲಿಯಲ್ಲಿ ಕುಳಿತಿದ್ದೆವು. ನಡುರಾತ್ರಿಯಲ್ಲಿ ನಮ್ಮ ಗೃಹಿಣಿಯು ಹೊರಗೆ ಬಂದು ಪಕ್ಕದಲ್ಲಿ ಕುಳಿತಳು. ಬಹಳ ಹೊತ್ತಿನ ಮೇಲೆ, “ಮೂವತ್ತೈದು ವರ್ಷ ಮಕ್ಕಳ ಹಾಜರಿ ಕೂಗಿದವರು ನೀವು. ಹಿಂದಿನ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರೂ ಕೇಳುತ್ತಿತ್ತು. ಆ ಮಗು ‘ಸಾಕು’ ಅಂದದ್ದು ಕೇಳಿಸಲಿಲ್ಲವೇ?” ಎಂದಳು. ಎಲ್ಲವನ್ನೂ ದೊಡ್ಡವನು ಹೇಳಿದ್ದನು. ನಾವು, “ಕೇಳಿಸಿತು” ಎಂದೆವು. ಕೇಳಿಸಲಿಲ್ಲವೆಂದು ಹೇಳಲು ಬಾಯಿ ಬರಲಿಲ್ಲ. ಆಕೆ ಮತ್ತೇನೂ ಹೇಳದೆ ತನ್ನ ಶಾಲಿನ ಒಂದು ಅಂಚನ್ನು ನಮ್ಮ ಮೇಲೆ ಹೊದಿಸಿದಳು.

ಮಕ್ಕಳಿಗೆ ಬೆಟ್ಟವನ್ನು ತೋರಿಸಬೇಕೆಂದು ಹೊರಟ ನಾವು ನಿಜವಾಗಿ ತೋರಿಸಬೇಕೆಂದಿದ್ದುದು ನಮ್ಮ ವಿದ್ಯೆಯನ್ನು. ತುದಿಯನ್ನು ನೋಡುವ ಆಸೆ ಅವರದಾಗಿರಲಿಲ್ಲ, ನಮ್ಮದಾಗಿತ್ತು. ಅವರಿಗೆ ಮೊದಲನೆಯ ದಿಬ್ಬದಲ್ಲಿಯೇ ಬೆಟ್ಟವೆಲ್ಲ ಸಿಕ್ಕಿತ್ತು. ಹತ್ತುವುದನ್ನು ಕಲಿಸುವ ಗುರುಗಳು ಬಹುಮಂದಿ. ಹಿಂದಿರುಗುವುದೂ ಒಂದು ವಿದ್ಯೆಯೇ. ಅದನ್ನು ಅರುವತ್ತನೆಯ ವಯಸ್ಸಿನಲ್ಲಿ ನಾವು ಒಬ್ಬ ಕಡ್ಡಿ ಹೊರುವ ಹೆಂಗಸಿನಿಂದಲೂ ಐದು ವರ್ಷದ ಮಗುವಿನಿಂದಲೂ ಕಲಿತೆವು.

ಬೆಳಗಿನ ಜಾವಕ್ಕೆ ಜ್ವರವು ಬೆವರಾಗಿ ಇಳಿಯಿತು. ಆರು ಗಂಟೆಗೆ ಪುಟ್ಟಿಯು ಕಂಬಳಿಯೊಡನೆಯೇ ಎದ್ದುಬಂದು ತೋಟದ ಅಂಚಿನ ಕಲ್ಲಿನ ಮೇಲೆ ಕುಳಿತಳು. ಕೆಳಗೆ ಕಣಿವೆಯೆಲ್ಲ ಬೆಳ್ಳಗೆ ಮಂಜಿನಿಂದ ತುಂಬಿತ್ತು. ಸುತ್ತಲೂ ಬೆಟ್ಟಗಳ ಅಂಚು ಮಾತ್ರ ಮೇಲೆ ಕಾಣುತ್ತಿತ್ತು. “ತಾತ, ನೋಡಿ! ಚಂದ್ರನ ದೊನ್ನೆಯಲ್ಲಿ ಹಾಲು ತುಂಬಿದ್ದಾರೆ” ಎಂದಳು. ನಾವು ಮಂಜು ಹೇಗೆ ಉಂಟಾಗುವುದೆಂಬುದನ್ನು ಹೇಳಲಿಲ್ಲ. ಅವಳ ಪಕ್ಕದಲ್ಲಿ, ಅವಳು ಎಷ್ಟು ಹೊತ್ತು ಕೂರುವಳೋ ಅಷ್ಟು ಹೊತ್ತು ಕುಳಿತೆವು. ಆ ತುದಿಯನ್ನು ನಾವು ಇಂದಿಗೂ ಕಂಡಿಲ್ಲ. ಆ ಹೆಂಗಸನ್ನು ಎರಡು ದಿನವೂ ತೋಟದಲ್ಲೆಲ್ಲ ವಿಚಾರಿಸಿದೆವು; ಸಿಕ್ಕಲಿಲ್ಲ. ಉಳಿದ ದಿನಗಳನ್ನು ಮಕ್ಕಳು ಕೆಮ್ಮಣ್ಣಿನ ದಿಬ್ಬದಲ್ಲಿಯೇ ಕಳೆದರು.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಡುವ ವಾಚಕರಿಗೆ ನಮ್ಮ ಅನುಭವದಿಂದ ಕೆಲವು ಮಾತುಗಳನ್ನು ಹೇಳುವುದು ಕರ್ತವ್ಯವೆಂದು ತಿಳಿಯುವೆವು. ಘಾಟಿಯನ್ನೇರುವ ದಿನ ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಬಾರದು. ಬರಿಯ ಹೊಟ್ಟೆಯಲ್ಲಿಯೂ ಹೊರಡಿಸಬಾರದು. ದೊಡ್ಡವರ ಹೆಜ್ಜೆಗೆ ಹೇಳಿದ ಹೊತ್ತನ್ನು ಮಕ್ಕಳಿಗೆ ಎರಡರಷ್ಟಾಗಿ ಎಣಿಸಬೇಕು. ಹಿಂದಿರುಗುವ ದಾರಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಪಶ್ಚಿಮಘಟ್ಟಗಳಲ್ಲಿ ಬೆಳಗಿನ ಆಕಾಶ ನಿರ್ಮಲವಾಗಿದ್ದರೂ ಮಧ್ಯಾಹ್ನದ ಮೇಲೆ ಸಿಡಿಲುಮಳೆ ಸಾಮಾನ್ಯ. ನೆಲ ಕಾದು, ತೇವದ ಗಾಳಿ ಬೆಟ್ಟದ ಮೈಯನ್ನೇರಿ ಮೋಡ ಕಟ್ಟುವುದು ಆ ಹೊತ್ತಿನಲ್ಲಿಯೇ. ಆದಕಾರಣ ಬೆಟ್ಟದ ಬೆನ್ನಿನ ಮೇಲಿನ ನಡಿಗೆಯನ್ನು ಮುಂಜಾನೆ ಇಟ್ಟುಕೊಂಡು ಊಟದ ಹೊತ್ತಿಗೆ ಮನೆ ಸೇರುವುದು ಲೇಸು. ಗುಡುಗು ಕೇಳಿತೆಂದರೆ ಎಣಿಸುತ್ತ ನಿಲ್ಲದೆ ಗಟ್ಟಿಯಾದ ಕಟ್ಟಡವನ್ನೋ ಮುಚ್ಚಿದ ಮೋಟಾರನ್ನೋ ಸೇರಬೇಕು. ಕಡೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬಾರದು. ಅಂತಹ ಆಶ್ರಯ ದೂರವಿದ್ದರೆ ನೆತ್ತಿಯನ್ನು ಬಿಟ್ಟು ತಗ್ಗಿಗೆ ಇಳಿಯಬೇಕು. ಒಂಟಿ ಮರದ ಬಳಿ ಸುಳಿಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯರು ಯಾವಾಗ ‘ಸಾಕು’ ಎನ್ನುವರೋ ಅದೇ ಆ ದಿನದ ಶಿಖರವೆಂದು ತಿಳಿದು ತಿರುಗಿಬಿಡಬೇಕು.

ಹಿಂದಿರುಗುವಾಗ ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಇಳಿದು, ೧೧೯೬ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವನ್ನು ಕಂಡೆವು. ಅಲ್ಲಿಯ ಮಂಟಪದ ತೆಂಕಣ ಗೋಡೆಯಲ್ಲಿ ಎಪ್ಪತ್ತು ಫಲಕಗಳಲ್ಲಿ ರಾಮಾಯಣವನ್ನು ಕೆತ್ತಿರುವರು. ವಿಶೇಷವೇನೆಂದರೆ, ಕಥೆಯು ಪ್ರದಕ್ಷಿಣೆಯ ಕ್ರಮಕ್ಕೆ ವಿರುದ್ಧವಾಗಿ ಸಾಗುವುದು. “ಇಲ್ಲಿಯೂ ಹಿಂದಕ್ಕೇ ಹೋಗಬೇಕೇ ತಾತ?” ಎಂದು ಪುಟ್ಟಿಯು ಕೇಳಿದಳು. “ಹೌದಮ್ಮ” ಎಂದು ಹೇಳಿ, ಅವಳ ಬೆರಳನ್ನು ಹಿಡಿದು ಅವಳ ಹೆಜ್ಜೆಗೇ ನಡೆದೆವು.

ಬಿಳಿಯ ಲಂಗದ ಕೆಂಪು ಕಲೆಯು ಎಷ್ಟು ಒಗೆದರೂ ಹೋಗಲಿಲ್ಲ. ನಮ್ಮ ಗೃಹಿಣಿಯು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಜೂನ್ ತಿಂಗಳಲ್ಲಿ ಒಂದು ಸಂಜೆ ಗುಡುಗು ಸಹಿತವಾಗಿ ಮಳೆ ಬಂದಿತು. ಆ ಹೊತ್ತಿನಲ್ಲಿಯೇ ಫೋನು ಕರೆಯಿತು. ದೊಡ್ಡವನ ಧ್ವನಿ: “ತಾತ, ಇಲ್ಲಿ ಹದಿನೆಂಟು ಬಂತು. ಪುಟ್ಟಿಯನ್ನು ಒಳಗೆ ಕರೆದುಕೊಂಡು ಬಂದಿದ್ದೇನೆ. ನೀವು ಎಲ್ಲಿದ್ದೀರಿ?” ನಾವು ಜಗಲಿಯಿಂದ ಎದ್ದು ಒಳಗೆ ಬಂದು, ಒಳಗಿದ್ದೇವೆಂದು ಹೇಳಿದೆವು.